ಗಂಡಸರ ಆರೋಗ್ಯವನ್ನು ಅವರು ದಿನವೂ ನಿಲ್ಲುವ ಜಾಗದಲ್ಲಿಯೇ ವಿಚಾರಿಸಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಸಾದರ ವಂದನೆಗಳು.

2025ರ ಮೇ ತಿಂಗಳ ಕೊನೆಯಿಂದ ಜೂನ್ ಮುಗಿಯುವವರೆಗೆ ನಮ್ಮ ಹಾಸನ ಜಿಲ್ಲೆಯ ಹೆಸರು ಹೃದಯಾಘಾತದ ಸುದ್ದಿಯ ಜೊತೆಯಲ್ಲೇ ಕೇಳಿಬರುತ್ತಿತ್ತು. ಇಪ್ಪತ್ತಕ್ಕೂ ಹೆಚ್ಚು ಸಾವುಗಳು ವರದಿಯಾದ ಮೇಲೆ ಸರ್ಕಾರವು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ರಚಿಸಿತು. ಜಿಲ್ಲೆಯಲ್ಲಿ ಹೃದಯಾಘಾತಗಳು ಅಸಹಜವಾಗಿ ಏರಿಲ್ಲ, ಮೃತರಲ್ಲಿ ಹೆಚ್ಚಿನವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಮದ್ಯ, ಬೊಜ್ಜಿನಂಥ ಗೊತ್ತಿರುವ ಕಾರಣಗಳೇ ಇದ್ದವು ಎಂದು ಸಮಿತಿ ವರದಿ ಕೊಟ್ಟಿತು. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರು ಗಮನಾರ್ಹ ಸಂಖ್ಯೆಯಲ್ಲಿದ್ದರೆಂಬ ಅಂಶವೂ ಹೊರಬಂತು. ಮೈಸೂರು, ಬೆಂಗಳೂರಿನ ಜಯದೇವದ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತಿದ್ದ ಜನ ವರದಿ ಬಂದ ಮೇಲೆ ನಿಧಾನವಾಗಿ ಕರಗಿದರು, ಟಿವಿಯವರು ಬೇರೆ ಸುದ್ದಿಗೆ ಹೋದರು, ಜಿಲ್ಲೆ ನಿಟ್ಟುಸಿರು ಬಿಟ್ಟಿತು.

ಆ ನಿಟ್ಟುಸಿರನ್ನು ಕುರಿತೇ ತಮಗೆ ಈ ಪತ್ರ ಬರೆಯುತ್ತಿದ್ದೇನೆ. ಅಪರಿಚಿತ ಕಾಯಿಲೆಯಲ್ಲ, ಗೊತ್ತಿರುವ ಕಾರಣಗಳೇ ಎಂದಾಗ ನಾವು ಸಮಾಧಾನಪಟ್ಟುಕೊಂಡೆವು. ಆದರೆ ಗೊತ್ತಿರುವ ಕಾರಣದಿಂದ ನಲವತ್ತು, ಐವತ್ತರ ಗಂಡಸರು ಸಾಯುತ್ತಿದ್ದರೆ ಅದು ಹೆಚ್ಚು ಚಿಂತೆಯ ವಿಷಯವೇ ಹೊರತು ಕಡಿಮೆ ಚಿಂತೆಯದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹದಿನೈದು ವರ್ಷ ದಾಟಿದ ಗಂಡಸರಲ್ಲಿ ಶೇ 24ರಷ್ಟು ಮಂದಿಗೆ ರಕ್ತದೊತ್ತಡ ಹೆಚ್ಚಿದೆ, ಇಲ್ಲವೇ ಅದನ್ನು ಹತೋಟಿಯಲ್ಲಿಡಲು ಅವರು ಮಾತ್ರೆ ನುಂಗುತ್ತಿದ್ದಾರೆ. ಶೇ 38ರಷ್ಟು ಗಂಡಸರು ಒಂದಲ್ಲ ಒಂದು ರೂಪದ ತಂಬಾಕು ಬಳಸುತ್ತಾರೆ, ಹೆಂಗಸರಲ್ಲಿ ಈ ಪ್ರಮಾಣ ಶೇ 9ರಷ್ಟು. 2016–20ರ ಲೆಕ್ಕದಲ್ಲಿ ಭಾರತದ ಗಂಡಸಿನ ಸರಾಸರಿ ಆಯುಸ್ಸು 68.6 ವರ್ಷ, ಹೆಂಗಸಿನದು 71.4. ಈ ಅಂತರದಲ್ಲಿ ಪ್ರಕೃತಿಯ ಪಾಲು ಸ್ವಲ್ಪ ಇರಬಹುದು, ದಿನಚರಿಯ ಪಾಲು ಖಂಡಿತ ಇದೆ.

ನಾನು ವೈದ್ಯನಲ್ಲ. ಹಾಸನ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ನೆಲೆಸಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನನ್ನ ತರಗತಿಯಲ್ಲಿ ಕೂತಿದ್ದ ಹುಡುಗರೇ ಈಗ ಈ ಊರಿನ ಆಟೊ ಚಾಲಕರು, ರೈತರು, ಅಂಗಡಿಯವರು, ಗಾರೆ ಕೆಲಸದವರು. ತಂಬಾಕು ಕೆಟ್ಟದ್ದು, ನಡಿಗೆ ಒಳ್ಳೆಯದು, ಉಪ್ಪು ಕಡಿಮೆ ಮಾಡಬೇಕು ಎಂಬುದು ಇವರಲ್ಲಿ ಒಬ್ಬರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಆದ್ದರಿಂದ ಇನ್ನೊಂದು ಜಾಗೃತಿ ಜಾಥಾ ಮಾಡಿ ಎಂದು ಕೇಳುವುದು ನನ್ನ ಉದ್ದೇಶವಲ್ಲ. ಒಳ್ಳೆಯ ಅಭ್ಯಾಸ ಉಪದೇಶದಿಂದ ಹುಟ್ಟುವುದು ಬಹಳ ಅಪರೂಪ. ಅದು ಮನುಷ್ಯ ದಿನವೂ ಹೋಗುವ ಜಾಗದಲ್ಲಿ, ಅವನಿಗೆ ಪುರಸೊತ್ತು ಸಿಗುವ ಹೊತ್ತಿನಲ್ಲಿ, ಅವನ ಜೊತೆಗಾರರ ಕಣ್ಣೆದುರು ಸುಲಭವಾಗಿ ಸಾಧ್ಯವಾದರೆ ಮಾತ್ರ ಉಳಿಯುತ್ತದೆ. ತಮ್ಮ ಇಲಾಖೆಯ ಯೋಜನೆಗಳು ಒಳ್ಳೆಯವಾಗಿದ್ದರೂ ಈ ಜಾಗವನ್ನೂ ಹೊತ್ತನ್ನೂ ತಪ್ಪಿಸಿಕೊಳ್ಳುತ್ತಿವೆ ಎಂಬುದೇ ನಾನು ಹೇಳಬೇಕಾಗಿರುವ ಮಾತು.

ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಬಂದ ಹೃದಯ ಜ್ಯೋತಿ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಎದೆನೋವು ಬಂದವನಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದಲ್ಲಿರುವ ಹೃದ್ರೋಗ ತಜ್ಞರಿಂದ ಓದಿಸಿ, ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಸಣ್ಣ ಸಾಧನೆಯಲ್ಲ. ಆದರೆ ಅದು ಎದೆನೋವು ಬಂದ ಮೇಲಿನ ಮಾತು. ಅದಕ್ಕೆ ಮುಂಚಿನ ಇಪ್ಪತ್ತು ವರ್ಷಗಳ ಮಾತಾಡುವ ಯೋಜನೆಯೆಂದರೆ 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ. ಮೂವತ್ತು ದಾಟಿದವರ ಮನೆಬಾಗಿಲಿಗೇ ಬಂದು ರಕ್ತದೊತ್ತಡ, ಸಕ್ಕರೆ ತಪಾಸಣೆ ಮಾಡುವುದು ಇದರ ಆಶಯ. ತೊಂದರೆಯಿರುವುದು ಹೊತ್ತಿನಲ್ಲಿ. ಆಶಾ ಕಾರ್ಯಕರ್ತೆ ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ತಟ್ಟಿದಾಗ ಮನೆಯ ಗಂಡಸು ಹೊಲದಲ್ಲಿರುತ್ತಾನೆ, ಸ್ಟ್ಯಾಂಡಿನಲ್ಲಿರುತ್ತಾನೆ, ಕಟ್ಟಡದ ಸಾರವೆಯ ಮೇಲಿರುತ್ತಾನೆ. ತಪಾಸಣೆ ಹೆಂಡತಿಗೂ ತಾಯಿಗೂ ಆಗುತ್ತದೆ, ಅದು ಆಗಲೇಬೇಕು. ಅವನದು ಮಾತ್ರ ಬಾಕಿ ಉಳಿಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗವೂ ಕೂಲಿ ದುಡಿಯುವ ಹೊತ್ತಿನಲ್ಲೇ ತೆರೆದಿರುತ್ತದೆ. ಯಾವ ನೋವೂ ಇಲ್ಲದ ಮನುಷ್ಯ ಒಂದು ದಿನದ ಕೂಲಿ ಬಿಟ್ಟು ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳಲು ಬರುತ್ತಾನೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಹೆಚ್ಚಿದ ರಕ್ತದೊತ್ತಡಕ್ಕೆ ಬಹುಪಾಲು ಲಕ್ಷಣವೇ ಇರುವುದಿಲ್ಲ ಎಂಬುದನ್ನು ತಮ್ಮ ಇಲಾಖೆಯೇ ಗೋಡೆಗೋಡೆಯ ಮೇಲೆ ಬರೆಸಿದೆಯಲ್ಲವೇ?

ಹಾಗಾದರೆ ಗಂಡಸರು ಸಿಗುವುದೆಲ್ಲಿ? ನಮ್ಮ ಸೀಮೆಯಲ್ಲಿ ಇದಕ್ಕೆ ಮೊದಲ ಉತ್ತರ ಹಾಲಿನ ಡೇರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆಯಿರಲಿ ಹಬ್ಬವಿರಲಿ, ಊರಿನ ಅರ್ಧ ಮನೆಗಳವರು ಕ್ಯಾನು ಹಿಡಿದು ಅಲ್ಲಿಗೆ ಬಂದೇ ಬರುತ್ತಾರೆ. ಹಾಲಿನ ಜಿಡ್ಡಿನ ಅಂಶವನ್ನು ದಿನಕ್ಕೆರಡು ಸಲ ಅಳೆದು, ಬರೆದಿಟ್ಟು, ಕಡಿಮೆ ಬಂದರೆ ಹಸುವಿನ ಮೇವು ಬದಲಾಯಿಸುವ ರೈತನಿಗೆ ಅಳತೆಯ ಮಹತ್ವವನ್ನು ಯಾರೂ ಹೇಳಿಕೊಡಬೇಕಿಲ್ಲ. ಅದೇ ಜಗಲಿಯಲ್ಲಿ ವಾರಕ್ಕೊಂದು ಸಂಜೆ ಒಂದು ಕುರ್ಚಿ, ಒಂದು ಮೇಜು, ಸರಿಯಾದ ಒಂದು ಬಿಪಿ ಯಂತ್ರ ಮತ್ತು ಅದನ್ನು ಓದಬಲ್ಲ ಸಮುದಾಯ ಆರೋಗ್ಯ ಅಧಿಕಾರಿ ಇದ್ದರೆ, ಹಾಲಿನ ಪುಸ್ತಕದ ಜೊತೆಗೆ ರಕ್ತದೊತ್ತಡದ ಚೀಟಿಯೂ ಮನೆಗೆ ಹೋಗುತ್ತದೆ. ಹಾಲು ತರುವ ಹೆಂಗಸರಿಗೂ ಇದು ದೊರೆಯುತ್ತದೆ, ಅವರೇನೂ ಕಡಿಮೆ ಸಂಖ್ಯೆಯಲ್ಲಿಲ್ಲ. ಒಂದು ಎಚ್ಚರಿಕೆ ಬೇಕು: ತುಂಬಿದ ಕ್ಯಾನು ಹೊತ್ತು ಬಂದವನನ್ನು ನಿಂತ ಕಾಲಿನಲ್ಲೇ ಪರೀಕ್ಷಿಸಿದರೆ ಅಂಕಿ ತಪ್ಪು ಬರುತ್ತದೆ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಬೇಕು, ಅದಕ್ಕೆ ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಮುಟ್ಟಿರಬಾರದು, ತೋಳು ಎದೆಯ ಮಟ್ಟದಲ್ಲಿರಬೇಕು. ಗಂಡಸು ಐದು ನಿಮಿಷ ಸುಮ್ಮನೆ ಕೂರುವುದೇ ಒಂದು ಆರೋಗ್ಯದ ಅಭ್ಯಾಸ ಎಂದು ನಮ್ಮೂರಿನ ಹೆಂಗಸರು ಹೇಳಿಯಾರು.

ಇದು ನನ್ನ ಕಲ್ಪನೆಯ ಕೂಸಲ್ಲ. ಅಮೆರಿಕದ ಲಾಸ್ ಏಂಜಲಿಸ್ ಪ್ರದೇಶದಲ್ಲಿ ಕಪ್ಪು ಜನಾಂಗದ ಗಂಡಸರು ಆಸ್ಪತ್ರೆಗೆ ಹೋಗದಿದ್ದರೂ ಕ್ಷೌರದ ಅಂಗಡಿಗೆ ತಪ್ಪದೆ ಹೋಗುತ್ತಾರೆ ಎಂಬುದನ್ನು ಗಮನಿಸಿದ ವೈದ್ಯರು, 52 ಅಂಗಡಿಗಳಲ್ಲಿ 319 ಮಂದಿಯ ಮೇಲೆ ಒಂದು ಪ್ರಯೋಗ ನಡೆಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿನವರಿಗೆ ಕ್ಷೌರಿಕರು ಜೀವನಕ್ರಮ ಬದಲಾಯಿಸಿಕೊಳ್ಳಿ, ವೈದ್ಯರನ್ನು ಕಾಣಿ ಎಂದು ಹೇಳಿದರು. ಇನ್ನೊಂದು ಗುಂಪಿನವರಿಗೆ ತರಬೇತಾದ ಔಷಧತಜ್ಞರು ಅಂಗಡಿಗೇ ಬಂದು, ವೈದ್ಯರ ಒಪ್ಪಂದದ ಮೇರೆಗೆ ಔಷಧಿಯನ್ನೂ ಕೊಟ್ಟರು. ಆರು ತಿಂಗಳಲ್ಲಿ ಮೊದಲ ಗುಂಪಿನವರ ರಕ್ತದೊತ್ತಡದ ಮೇಲಿನ ಅಂಕಿ ಸರಾಸರಿ 9ರಷ್ಟು ಇಳಿದರೆ ಎರಡನೆಯ ಗುಂಪಿನವರದು 27ರಷ್ಟು ಇಳಿಯಿತು. ಬರೀ ಮಾತಿಗೂ ಬೆಲೆಯಿದೆ, ಆದರೆ ಮಾತಿನ ಜೊತೆ ಚಿಕಿತ್ಸೆಯೂ ಅದೇ ಜಾಗಕ್ಕೆ ಬಂದರೆ ಲಾಭ ಮೂರು ಪಟ್ಟಾಗುತ್ತದೆ ಎಂಬುದನ್ನು ತಾವು ಇದರಲ್ಲಿ ಗಮನಿಸಬೇಕು. ಡೇರಿಯಲ್ಲಿ ಅಳೆದು, ಮಾತ್ರೆಗೆ ಮಾತ್ರ ಮತ್ತೆ ಹಗಲು ಹೊತ್ತು ತಾಲ್ಲೂಕು ಆಸ್ಪತ್ರೆಗೆ ಬಾ ಎಂದರೆ ನಮ್ಮ ಜನ ಚೀಟಿಯನ್ನು ಅಂಗಿಯ ಜೇಬಿನಲ್ಲೇ ಒಗೆದು ಮುಗಿಸುತ್ತಾರೆ. ಇನ್ನು ಈ ಹೊಸ ಹೊರೆಯನ್ನು ಆಶಾ ಕಾರ್ಯಕರ್ತೆಯರ ತಲೆಯ ಮೇಲೆ ಹಾಕಬೇಡಿ. ಈಗಿರುವ ಕೆಲಸಕ್ಕೇ ಸರಿಯಾದ ಗೌರವಧನಕ್ಕಾಗಿ ಅವರು ಬೀದಿಗಿಳಿಯಬೇಕಾಗಿ ಬಂದದ್ದನ್ನು ರಾಜ್ಯ ನೋಡಿದೆ.

ಚಾಲಕರ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ದಿನಕ್ಕೆ ಹತ್ತು, ಹನ್ನೆರಡು ಗಂಟೆ ಸೀಟಿನಲ್ಲಿ ಕೂತಿರುವವನಿಗೆ ನೀರು ಹೆಚ್ಚು ಕುಡಿಯಿರಿ ಎನ್ನುವುದು ಸುಲಭ. ಮೂತ್ರ ವಿಸರ್ಜನೆಗೆ ಜಾಗವಿಲ್ಲದ್ದರಿಂದಲೇ ಅವನು ನೀರು ಕುಡಿಯುವುದಿಲ್ಲ. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ಅದೂ ಕೈಗೆ ಸಿಕ್ಕಿದ್ದು. ನಿದ್ದೆ ತಡೆಯಲು ಟೀ, ಟೀ ಜೊತೆಗೆ ಸಿಗರೇಟು, ಇಲ್ಲವೇ ತುಟಿಯ ಕೆಳಗೊಂದು ಚಿಟಿಕೆ. ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲೇ ನಿಷೇಧಿಸಲಾಗಿದೆ. ಅಂದಿನಿಂದ ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಬರುತ್ತದೆ, ಗಿರಾಕಿ ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ, ಕಾನೂನು ನೋಡುತ್ತ ನಿಂತಿರುತ್ತದೆ. ತಂಬಾಕು ಬಿಡಿಸುವ ಆಪ್ತ ಸಲಹೆಯನ್ನು ಜಿಲ್ಲಾಸ್ಪತ್ರೆಯ ಕೋಣೆಯೊಂದರಲ್ಲಿ ಕೂಡಿಹಾಕದೆ ಆಟೊ ಸ್ಟ್ಯಾಂಡಿಗೆ, ಕ್ಯಾಬ್ ನಿಲುಗಡೆಗೆ ತರುವುದಾದರೆ, ಶೌಚಾಲಯ, ಕುಡಿಯುವ ನೀರು ಮತ್ತು ಕಾಲು ಚಾಚಿ ಅರ್ಧ ಗಂಟೆ ಮಲಗಲು ನೆರಳು, ಈ ಮೂರನ್ನೂ ಅದರ ಜೊತೆಗೇ ತನ್ನಿ. ಇದು ತಮ್ಮ ಇಲಾಖೆಗೆ ಸೇರಿದ ಕೆಲಸವಲ್ಲ ಎನ್ನಬಹುದು. ನಗರಸಭೆಗೂ ಸಾರಿಗೆ ಇಲಾಖೆಗೂ ಪತ್ರ ಬರೆಯುವ ಅಧಿಕಾರ ನನಗಿಂತ ತಮಗೆ ಹೆಚ್ಚಿದೆ.

ಊಟದ ವಿಷಯದಲ್ಲಿ ನಮ್ಮ ಸೀಮೆಯ ಅಡುಗೆಯನ್ನು ದೂರುವವರ ಸಾಲಿನಲ್ಲಿ ನಾನಿಲ್ಲ. ರಾಗಿಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳು, ಮಜ್ಜಿಗೆ ಇರುವ ಮನೆಯಲ್ಲಿ ಪೌಷ್ಟಿಕಾಂಶದ ಪಾಠ ಹೇಳಬೇಕಾದ್ದು ಕಡಿಮೆ. ಮುದ್ದೆಯ ಜಾಗಕ್ಕೆ ಎರಡು ಹೊತ್ತು ಪಾಲಿಶ್ ಅಕ್ಕಿಯ ಅನ್ನ ಬಂದದ್ದು ಮತ್ತು ಸಂಜೆಯ ಹೊತ್ತು ಬೇಕರಿಗೂ ಬೋಂಡದ ಗಾಡಿಗೂ ಹೋದದ್ದು ತೊಂದರೆ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದಲ್ಲಿ ಭಾರತದ ಗಂಡಸರ ಸರಾಸರಿ ಸೇವನೆ 8.9 ಗ್ರಾಂ ಎಂದು ಕಂಡುಬಂದಿದೆ. ಇದರಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಪಾಲೆಷ್ಟು, ಮಿಕ್ಸ್ಚರ್ ಪೊಟ್ಟಣದ ಪಾಲೆಷ್ಟು ಎಂಬುದನ್ನು ಪ್ರತಿಯೊಬ್ಬನೂ ತನ್ನ ತಟ್ಟೆ ನೋಡಿಕೊಂಡೇ ಹೇಳಬಲ್ಲ. ಸಕ್ಕರೆಯ ವಿಷಯದಲ್ಲಂತೂ ನಮ್ಮ ಹೋಟೆಲುಗಳು ಬಹಳ ಹಿಂದೆಯೇ ಒಂದು ಒಳ್ಳೆಯ ಪದ್ಧತಿ ಕಂಡುಕೊಂಡಿವೆ. ಬೈಟು ಕಾಫಿಯಲ್ಲಿ ಸಕ್ಕರೆ ಅರ್ಧ, ಖರ್ಚು ಅರ್ಧ, ಜೊತೆಗೆ ಮಾತಾಡಲು ಒಬ್ಬ ಮನುಷ್ಯ ಇರಲೇಬೇಕು. ಸರ್ಕಾರ ಯಾವ ಅನುದಾನವನ್ನೂ ಕೊಡದೆ ಬದುಕುಳಿದಿರುವ ಆರೋಗ್ಯ ಕಾರ್ಯಕ್ರಮ ಇದೊಂದೇ ಇರಬೇಕು.

ನಡಿಗೆಯ ಬಗ್ಗೆ ಹಳ್ಳಿಯವರಿಗೆ ಹೇಳಬೇಕಿಲ್ಲ ಎಂದು ನಗರದವರು ತಿಳಿದಿದ್ದಾರೆ. ಟಿಲ್ಲರು, ಟ್ರ್ಯಾಕ್ಟರು, ಬೈಕು ಬಂದ ಮೇಲೆ ನಮ್ಮೂರಿನ ಮೂವತ್ತೈದರ ಗಂಡಸು ಅರ್ಧ ಕಿಲೋಮೀಟರ್ ದೂರದ ತೋಟಕ್ಕೂ ಬೈಕಿನಲ್ಲೇ ಹೋಗುತ್ತಾನೆ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆ, ವಾರಕ್ಕೆರಡು ದಿನ ಸ್ನಾಯುಗಳಿಗೆ ಬಲ ಬರುವ ಕಸರತ್ತು ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಾಲಿಬಾಲ್, ಕಬಡ್ಡಿಯಲ್ಲಿ ಇದು ಗೊತ್ತಿಲ್ಲದಂತೆಯೇ ಮುಗಿದುಹೋಗುತ್ತದೆ. ಆಡಲು ಜಾಗ ಬೇಕು, ಊರಲ್ಲಿರುವ ಒಂದೇ ಜಾಗ ಸರ್ಕಾರಿ ಶಾಲೆಯ ಮೈದಾನ, ಅದಕ್ಕೆ ಸಂಜೆ ಬೀಗ. ಬೀಗ ಹಾಕಿಸಿದವರಲ್ಲಿ ನಾನೂ ಒಬ್ಬ ಶಿಕ್ಷಕನಾಗಿದ್ದುದರಿಂದ ಕಾರಣ ಗೊತ್ತಿದೆ: ಬೆಳಿಗ್ಗೆ ಮಕ್ಕಳು ಬರುವ ಹೊತ್ತಿಗೆ ಒಡೆದ ಬಾಟಲಿಗಳನ್ನು ಆರಿಸಬೇಕಾಗುತ್ತಿತ್ತು. ಮೈದಾನವನ್ನು ಹಾಗೆಯೇ ತೆರೆದುಬಿಡಿ ಎಂದು ಕೇಳುವುದಿಲ್ಲ. ಸಂಜೆ ಆರರಿಂದ ಎಂಟರವರೆಗೆ, ಎರಡು ದೀಪ ಹಾಕಿಸಿ, ಕೀಲಿಯನ್ನು ಶಾಲಾಭಿವೃದ್ಧಿ ಸಮಿತಿ ಮತ್ತು ಊರಿನ ಯುವಕರ ಸಂಘದ ಜಂಟಿ ಹೊಣೆಗೆ ಕೊಟ್ಟರೆ, ಆಡುವವರೇ ಬಾಟಲಿಯವರನ್ನು ಹೊರಗೆ ಕಳಿಸುತ್ತಾರೆ. ಖಾಲಿ ಮೈದಾನವನ್ನು ಕಾಯುವುದಕ್ಕಿಂತ ತುಂಬಿದ ಮೈದಾನವನ್ನು ಕಾಯುವುದು ಸುಲಭ.

ಮದ್ಯದ ಬಗ್ಗೆ ಸರ್ಕಾರಕ್ಕೆ ಪತ್ರ ಬರೆಯುವುದು ಸ್ವಲ್ಪ ಮುಜುಗರದ ಕೆಲಸ. 2007ರ ಜುಲೈನಿಂದ ಸಾರಾಯಿ ನಿಂತಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು, ಈಗ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಅದು ಗುಟ್ಟಾಗಿ ಸಿಗುತ್ತದೆಂಬ ದೂರು ಯಾವ ತಾಲ್ಲೂಕಿನಲ್ಲಿ ಇಲ್ಲ? 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹಿಸುವ ಗುರಿ ಇಟ್ಟುಕೊಂಡ ಸರ್ಕಾರದ ಆರೋಗ್ಯ ಸಚಿವರಿಗೆ, ಆರೋಗ್ಯದ ದೃಷ್ಟಿಯಿಂದ ನಿರಪಾಯವೆನ್ನಬಹುದಾದ ಕುಡಿತದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನು ನಾನು ನೆನಪಿಸಬೇಕಾಗಿಲ್ಲ. ಪಾನನಿಷೇಧವನ್ನು ನಾನು ಕೇಳುತ್ತಿಲ್ಲ, ಅದರ ಗತಿ ಏನಾಗುತ್ತದೆಂಬುದನ್ನು ಬೇರೆ ರಾಜ್ಯಗಳಲ್ಲಿ ಕಂಡಿದ್ದೇವೆ. ಕಿರಾಣಿ ಅಂಗಡಿಯ ಅಕ್ರಮ ಮಾರಾಟವನ್ನು ನಿಜವಾಗಿ ನಿಲ್ಲಿಸಿ, ಕುಡಿತ ಬಿಡಬೇಕೆಂದಿರುವವನಿಗೆ ಔಷಧಿ ಮತ್ತು ಸಲಹೆ ತಾಲ್ಲೂಕು ಮಟ್ಟದಲ್ಲೇ, ಯಾರಿಗೂ ಗೊತ್ತಾಗದಂತೆ ಸಿಗಲಿ ಎನ್ನುವುದಷ್ಟೇ ಕೋರಿಕೆ. ವರ್ಷಗಟ್ಟಲೆ ವಿಪರೀತ ಕುಡಿದವನು ಶಪಥ ಮಾಡಿ ಒಂದೇ ದಿನಕ್ಕೆ ನಿಲ್ಲಿಸಿದರೆ ನಡುಕ, ಭ್ರಮೆ, ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಇದನ್ನು ಮನೆಯವರಿಗೆ ಮುಂಚಿತವಾಗಿ ಹೇಳುವವರು ಯಾರೂ ಇಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ದೇಹದ ಮಾತು. ಗಂಡಸರ ಸಂತೋಷದ ಮಾತು ಯೋಜನೆಗಳ ಭಾಷೆಗೆ ಅಷ್ಟು ಬೇಗ ಒಗ್ಗುವುದಿಲ್ಲ, ಆದರೂ ಅದನ್ನು ಬಿಟ್ಟರೆ ಪತ್ರ ಅರೆಯಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು; ಅವರಲ್ಲಿ ನೂರಕ್ಕೆ 72ರಷ್ಟು ಮಂದಿ ಗಂಡಸರು. ಸಾಲ, ಕಾಯಿಲೆ, ಸಂಸಾರದ ಜಗಳ ಇವೆಲ್ಲ ಹೆಂಗಸರಿಗೂ ಇವೆ. ಆದರೆ ಹೆಂಗಸು ತವರಿಗೊಂದು ಫೋನ್ ಮಾಡುತ್ತಾಳೆ, ಪಕ್ಕದ ಮನೆಯವಳೊಡನೆ ಕಣ್ಣೀರು ಹಾಕುತ್ತಾಳೆ. ಗಂಡಸನ್ನು ಹೇಗಿದ್ದೀಯಪ್ಪಾ ಎಂದು ಕೇಳಿದರೆ ‘ಏನಿಲ್ಲ, ನಡೀತಿದೆ’ ಎಂದು ಮಾತು ಮುಗಿಸುತ್ತಾನೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಗಂಡಸರ ಮೇಲೆಯೇ ಆರಂಭವಾಗಿ, ಎಂಟು ದಶಕ ದಾಟಿ ನಡೆದ ಅಧ್ಯಯನವೊಂದು ಇದೆ. ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನೂ ಬಾಸ್ಟನ್ ನಗರದ ಬಡ ಹುಡುಗರನ್ನೂ ಮುಪ್ಪಿನವರೆಗೆ ಹಿಂಬಾಲಿಸಿದ ಸಂಶೋಧಕರಿಗೆ, ಐವತ್ತರ ವಯಸ್ಸಿನಲ್ಲಿ ಯಾರ ಸಂಬಂಧಗಳು ತೃಪ್ತಿಕರವಾಗಿದ್ದವೋ ಅವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯದಿಂದ ಇದ್ದದ್ದು ಕಂಡುಬಂತು.

ಗಂಡಸರು ಎದುರುಬದುರು ಕೂತು ಮನಸ್ಸು ಬಿಚ್ಚುವುದು ಕಡಿಮೆ. ಕೈಗೊಂದು ಕೆಲಸ ಕೊಟ್ಟರೆ ಪಕ್ಕದವನೊಡನೆ ಮಾತು ತಾನಾಗಿ ಬರುತ್ತದೆ. ನಮ್ಮ ಭಾಗದ ಹಳ್ಳಿಗಳಲ್ಲಿ ಇದಕ್ಕೊಂದು ಹಳೆಯ ವ್ಯವಸ್ಥೆಯಿದೆ, ಅದು ಪೌರಾಣಿಕ ನಾಟಕ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮಾಸ್ತರರನ್ನು ಕರೆಸಿ, ಎರಡು ತಿಂಗಳು ರಾತ್ರಿ ಪ್ರಾಕ್ಟೀಸು ಮಾಡಿ, ಗುತ್ತಿಗೆದಾರ ದುರ್ಯೋಧನನಾಗಿ ಕೂಲಿಯಾಳು ಕೃಷ್ಣನಾಗಿ ಕೈಯಿಂದಲೇ ದುಡ್ಡು ಹಾಕಿ ರಂಗಕ್ಕೆ ಬರುತ್ತಾರೆ. ಉಸಿರು ಕಟ್ಟಿ ಕಂದಪದ್ಯ ಹಾಡುವವನ ಶ್ವಾಸಕೋಶಕ್ಕೂ ನೂರು ಸಾಲು ಬಾಯಿಪಾಠ ಮಾಡುವವನ ನೆನಪಿಗೂ ಅದು ಒಳ್ಳೆಯದೇ. ಅದಕ್ಕಿಂತ ದೊಡ್ಡದೆಂದರೆ, ಪ್ರಾಕ್ಟೀಸಿಗೆ ಎರಡು ದಿನ ಬಾರದವನನ್ನು ಹುಡುಕಿಕೊಂಡು ಯಾರಾದರೂ ಅವನ ಮನೆಗೆ ಹೋಗುತ್ತಾರೆ. ಪ್ರಾಕ್ಟೀಸು ಮುಗಿಸಿ ಕೆಲವರು ಬಾರಿಗೆ ಹೋಗುವುದೂ ಉಂಟು, ಮುಚ್ಚಿಡುವುದಿಲ್ಲ. ಭಜನೆ ಮೇಳ, ಡೊಳ್ಳು, ಕೋಲಾಟ, ಕರಾವಳಿಯ ತಾಳಮದ್ದಲೆ, ಉಳಿದಿರುವ ಕೆಲವೇ ಗರಡಿಮನೆಗಳು ಇವೆಲ್ಲವನ್ನೂ ಸಂಸ್ಕೃತಿ ಇಲಾಖೆ ಕಲೆಯೆಂದು ನೋಡುತ್ತದೆ. ತಾವು ಇವನ್ನು ಆರೋಗ್ಯದ ನೆಲೆಗಳೆಂದೂ ನೋಡಬೇಕು. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಆಸ್ಪತ್ರೆಯ ಗೋಡೆಯ ಮೇಲಲ್ಲದೆ ಕ್ಷೌರದ ಅಂಗಡಿಯ ಕನ್ನಡಿಯ ಪಕ್ಕದಲ್ಲಿ, ಗೊಬ್ಬರದಂಗಡಿಯಲ್ಲಿ, ಸಹಕಾರ ಬ್ಯಾಂಕಿನ ಸಾಲದ ಕೌಂಟರಿನಲ್ಲಿ ಅಂಟಿಸಿ. ಸಾಲದ ನೋಟಿಸು ಹಿಡಿದು ನಿಂತವನ ಕಣ್ಣಿಗೆ ಅದು ಬೀಳಬೇಕು.

ಕೊನೆಯದಾಗಿ ಮನೆಯೊಳಗಿನ ಒಂದು ಅಭ್ಯಾಸ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಿದ್ದರೆ ಗಂಡಸರು 88 ನಿಮಿಷ ಕೊಡುತ್ತಾರೆ. ಆ ಕೆಲಸಕ್ಕೆ ಕೈ ಹಾಕುವ ಗಂಡಸರೇ ನಾಲ್ಕರಲ್ಲಿ ಒಬ್ಬರಷ್ಟು. ಇದನ್ನು ನ್ಯಾಯದ ಪ್ರಶ್ನೆಯಾಗಿ ಚರ್ಚಿಸುವುದು ಸರಿಯಾದದ್ದೇ, ಆದರೆ ಇದರಲ್ಲಿ ಗಂಡಸಿನ ಸ್ವಾರ್ಥವೂ ಇದೆ. ಹೆಂಡತಿ ಮೊದಲು ತೀರಿಹೋದ ನನ್ನ ವಯಸ್ಸಿನವರು ಬನ್ನು, ಟೀ, ಹೋಟೆಲ್ ಇಡ್ಲಿಯ ಮೇಲೆ ದಿನ ತಳ್ಳುವುದನ್ನು ಪ್ರತಿ ಊರಿನಲ್ಲೂ ನೋಡಬಹುದು. ತನ್ನ ಸಕ್ಕರೆ ಕಾಯಿಲೆಗೆ ಯಾವ ಮಾತ್ರೆ ಎಂಬುದೂ ಅವರಿಗೆ ಗೊತ್ತಿರುವುದಿಲ್ಲ, ಅದು ಆಕೆಗೆ ಗೊತ್ತಿತ್ತು. ಮುದ್ದೆ ತಿರುವಲು, ಸಾರು ಮಾಡಲು, ತನ್ನ ಮಾತ್ರೆಯ ಹೆಸರು ಓದಲು ಬಲ್ಲ ಗಂಡಸು ಎಪ್ಪತ್ತರಲ್ಲೂ ಯಾರ ಹಂಗಿಲ್ಲದೆ ಇರಬಲ್ಲ. ಪ್ರೌಢಶಾಲೆಯ ಗಂಡುಮಕ್ಕಳಿಗೆ ಇದನ್ನು ಕಲಿಸಲು ಶಿಕ್ಷಣ ಇಲಾಖೆಯೊಡನೆ ತಾವು ಮಾತಾಡಬೇಕು. ಅಲ್ಲಿನ ಶಿಕ್ಷಕರು ಹೊಸ ಕೆಲಸ ಬಂತೆಂದು ಗೊಣಗುತ್ತಾರೆ, ನಾನೂ ಗೊಣಗುತ್ತಿದ್ದೆ.

ಮಾನ್ಯರೇ, ಇಡೀ ರಾಜ್ಯಕ್ಕೆ ಒಮ್ಮೆಗೇ ಆದೇಶ ಹೊರಡಿಸಿ ಎಂದು ನಾನು ಕೇಳುವುದಿಲ್ಲ. ಹಾಸನ ಜಿಲ್ಲೆಯ ಒಂದು ತಾಲ್ಲೂಕನ್ನು ಆರಿಸಿಕೊಂಡು, ಜಿಲ್ಲಾ ಹಾಲು ಒಕ್ಕೂಟದೊಡನೆ ಮಾತಾಡಿ, ಒಂದು ವರ್ಷ ಡೇರಿ ಜಗಲಿಯಲ್ಲಿ ವಾರದ ತಪಾಸಣೆ ನಡೆಸಿ. ಅದೇ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ವಾರಕ್ಕೆರಡು ದಿನ ರಾತ್ರಿ ಎಂಟರವರೆಗೆ ತೆರೆದಿಡಿ. ತಿಂಗಳ ಮಾತ್ರೆ ಡೇರಿಯಲ್ಲೇ ಸಿಗಲಿ. ವರ್ಷದ ಕೊನೆಗೆ ಎಷ್ಟು ಗಂಡಸರ ರಕ್ತದೊತ್ತಡ 140/90ರ ಕೆಳಗೆ ಬಂತೆಂಬ ಲೆಕ್ಕವನ್ನು, ಒಳ್ಳೆಯದಿರಲಿ ಕೆಟ್ಟದಿರಲಿ, ಸಾರ್ವಜನಿಕರ ಮುಂದಿಡಿ. ಕುರ್ಚಿ, ಮೇಜು ಒದಗಿಸುವುದು, ಚೀಟಿ ಬರೆಯುವುದು, ಬಂದವರನ್ನು ಐದು ನಿಮಿಷ ಕೂರಿಸುವುದು ಇಂಥ ಕೆಲಸಕ್ಕೆ ನಿವೃತ್ತ ಶಿಕ್ಷಕರು ಪ್ರತಿ ಹೋಬಳಿಯಲ್ಲೂ ಸಿಗುತ್ತಾರೆ, ಸಂಬಳವನ್ನೂ ಕೇಳುವುದಿಲ್ಲ. ಮಳೆಗಾಲದಲ್ಲಿ ಸಂಜೆಯ ಹಾಲು ಸ್ವಲ್ಪ ಬೇಗ ಬರುತ್ತದೆ. ಸಿಬ್ಬಂದಿಯ ವೇಳೆಯನ್ನು ಅದಕ್ಕೆ ತಕ್ಕಂತೆ ಗೊತ್ತುಮಾಡಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ
ಹಾಸನ ಜಿಲ್ಲೆ